ಮೂರನೆಯ ಉತ್ತರ

ಸಾರಿಕಾಳ ಪೆನ್ಸಿಲ್ಲು ಎರಡನೆಯ ಉತ್ತರದ ಮೇಲೇ ನಿಂತುಬಿಟ್ಟಿತ್ತು. ಅಭ್ಯಾಸ ಪುಸ್ತಕದ ಗದ್ಯದೊಳಗಿನ ಮುದುಕಿ ಮೊಮ್ಮಗಳ ಮದುವೆಯನ್ನು ಹೊಸ್ತಿಲಾಚೆ ನಿಂತು ನೋಡಿದ್ದೇಕೆ? ಒಳಗೆ ಬರಲು ಅವಳಿಗೆ ಮನಸ್ಸಿರಲಿಲ್ಲ ಎಂದಿತ್ತು ಎರಡನೆಯದು. ಅವಳನ್ನು ಯಾರೂ ಒಳಗೆ ಕರೆಯಲಿಲ್ಲ ಎಂದಿತ್ತು ಮೂರನೆಯದು. ಸಾರಿಕಾ ಎರಡಕ್ಕೆ ಗುರುತು ಹಾಕಿದ್ದಳು. ಪುಸ್ತಕದ ಕೊನೆಯ ಪುಟದ ಸರಿಯುತ್ತರಗಳ ಪಟ್ಟಿ ಮೂರು ಎನ್ನುತ್ತಿತ್ತು.

"ಎರಡೂ ಖರೇ ಅನಿಸಿದ್ರ ನಿನ್ನ ಮನಸ್ಸಿನಾಗಿಂದು ಬಿಡು, ಗದ್ಯದಾಗ ಏನದ ನೋಡು," ಎಂದಿದ್ದರು ಉಮರ್ಗಾ ಊರಿನ ಕೋಚಿಂಗ್ ಕ್ಲಾಸಿನ ಸರ್. ಭಾನುವಾರವೇ ಶಿಕ್ಷಕರ ಅರ್ಹತಾ ಪರೀಕ್ಷೆ, ಅದಕ್ಕೇ ಅಕ್ಕನ ಅರಿಶಿನದ ದಿನವೂ ಅವಳು ಪುಸ್ತಕ ಬಿಟ್ಟಿರಲಿಲ್ಲ. ಮತ್ತೊಮ್ಮೆ ಓದಿದಳು. ಮನಸ್ಸಿರಲಿಲ್ಲ ಎಂಬ ಮಾತು ಗದ್ಯದಲ್ಲಿ ಎಲ್ಲೂ ಇರಲಿಲ್ಲ. ಅದು ಅವಳ ಮನೆಯ ಮಾತು. "ನಿಮ್ಮ ಸೋದರತ್ತಿಗಿ ಗದ್ದಲ ಸೇರಂಗಿಲ್ಲ," ಎಂದು ಅವ್ವ ಪ್ರತಿ ಮದುವೆಯಲ್ಲೂ ಹೇಳುತ್ತ ಬಂದ ಮಾತು.

ಸಾರಿಕಾ ತಲೆ ಎತ್ತಿದಳು. ಪಡಸಾಲೆಯಲ್ಲಿ ಅಕ್ಕ ಧನಶ್ರೀಯ ಸುತ್ತ ಮುತ್ತೈದೆಯರು ಕೂತಿದ್ದರು. ಬೆಳಗಿನಿಂದ ಅರಿಶಿನ ಕುಟ್ಟಿ ಕಲಸಿಕೊಟ್ಟ ಸೋದರತ್ತೆ ಅನುಸೂಯಾಬಾಯಿ, ಗಂಡ ಸತ್ತ ಮೇಲೆ ಹನ್ನೊಂದು ವರ್ಷಗಳಿಂದ ನಿಲ್ಲುವಂತೆಯೇ, ಹಳದಿ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಾಚೆ ನಿಂತಿದ್ದಳು.

"ಅತ್ತಿ, ಒಳಗ ಬರ್ರಿ. ಮದಲ ನೀವು ಹಚ್ರಿ," ಎಂದಳು ಸಾರಿಕಾ.

ಅವ್ವ ನೆಲ ನೋಡಿದಳು. ಅನುಸೂಯಾಬಾಯಿ ಮೆಲ್ಲಗೆ ತಿರುಗಿ, ತನ್ನ ಬೆನ್ನ ಹಿಂದೆ ಯಾರಿದ್ದಾರೆಂದು ನೋಡಿದಳು.