ತೊಂಬತ್ತು ದಿನದ ಗೆರೆ

ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಬಂದ ಷೇರು ಬ್ರೋಕರ್, ಕುರ್ಚಿಯಲ್ಲಿ ಕೂರುವ ಮೊದಲೇ ಡಾಕ್ಟರಮ್ಮನ ಮೇಲೆ ಎಗರಿಬಿದ್ದ.

“ನನ್ನನ್ನ ಒಂದು ಮಾತೂ ಕೇಳದೆ ಷೇರೆಲ್ಲ ಯಾಕೆ ಮಾರಿದ್ರಿ ಮೇಡಂ?”

“ನಿನ್ನೆ ಒಂದೇ ದಿನಕ್ಕೆ ಅಷ್ಟೊಂದು ಬಿತ್ತಲ್ರೀ. ನೋಡ್ತಾ ಕೂರಬೇಕಿತ್ತಾ?”

“ಇವತ್ತು ಮತ್ತೆ ಏರಿದೆ! ದಿನದ ಬೆಲೆ ನಾಟಕ ಆಡುತ್ತೆ, ತೊಂಬತ್ತು ದಿನದ ಸರಾಸರಿ ಗೆರೆ ನೋಡಿ ಅಂತ ಬಡ್ಕೊಂಡಿರಲಿಲ್ವಾ? ಆ ಗೆರೆ ಮೇಲಕ್ಕೇ ಹೋಗ್ತಿತ್ತು.”

“ಆಗಿಹೋಗಿದ್ದನ್ನ ಹೇಳೋ ಗೆರೆ ಅದು. ಅದನ್ನ ಕಟ್ಕೊಂಡು ನಾನೇನು ಮಾಡ್ಲಿ?”

“ನಿಧಾನ, ಒಪ್ತೀನಿ. ಆದ್ರೆ ಸುಳ್ಳು ಹೇಳಲ್ಲ. ಇಷ್ಟು ಓದಿದೋರಿಗೆ ಅಷ್ಟೂ ತಿಳಿಯಲ್ವಲ್ಲ!”

ಡಾಕ್ಟರಮ್ಮನ ಮುಖ ಕೆಂಪಾಯಿತು. “ರಿಪೋರ್ಟ್ ಕೊಡಿ” ಎಂದು ಕೈ ಚಾಚಿದರು. ಲ್ಯಾಬಿನಿಂದ ತಂದಿದ್ದ ತನ್ನ ರಕ್ತಪರೀಕ್ಷೆಯ ರಿಪೋರ್ಟನ್ನು ಅವನು ಮೇಜಿನ ಮೇಲೆ ಎಸೆದ.

“ನೋಡ್ಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೇಲಿ ಸಕ್ಕರೆ ನೂರಾ ಹತ್ತು. ಸಿಹಿ ಮುಟ್ಟಿ ಮೂರು ತಿಂಗಳಾಯ್ತು ಅಂದ್ರೆ ನೀವು ನಂಬಲ್ಲ. ಇನ್ನಾದ್ರೂ ಮಾತ್ರೆ ಕಮ್ಮಿ ಮಾಡಿ.”

ಅವನು ಮೊದಲ ಪುಟವನ್ನಷ್ಟೇ ಓದಿದ್ದ. ಡಾಕ್ಟರಮ್ಮ ಎರಡನೇ ಪುಟ ತಿರುವಿ, ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ಅವನ ಮುಂದೆ ತಳ್ಳಿದರು.

“ಎರಡು ದಿನ ಉಪವಾಸ ಬಿದ್ರೆ ದಿನದ ಸಕ್ಕರೇನೂ ನಾಟಕ ಆಡುತ್ತೆ. ಅದಕ್ಕೇ, ಅದೇ ರಕ್ತದಲ್ಲಿ ಮೂರು ತಿಂಗಳ ಸರಾಸರೀನೂ ತೆಗೆಸಿದ್ದೆ. ಏಳರೊಳಗೆ ಇರಬೇಕಾದ್ದು ಒಂಬತ್ತಾಗಿದೆ. ಈಗ ಹೇಳಿ, ಜಹಾಂಗೀರು ಯಾವ ಅಂಗಡೀದು?”