ಅಟ್ಟದ ಬಿಸಿ

ಒಲೆಯ ಮೇಲಿನ ಅಟ್ಟದಿಂದ ಭಾಗೀರಥಿ ಹಪ್ಪಳದ ಡಬ್ಬಿ ಇಳಿಸುತ್ತಿದ್ದಾಗ ಮಗ ನಿರಂಜನ ಹೊಸ ಮೈಕು ತಂದು ಅವಳ ಮುಂದೆ ಹಿಡಿದ. ಕಾಫಿ ಗೋಡೌನಿನ ಮೂಲೆಯ ಗೋಡೆಗೆ ಗೋಣಿಚೀಲ ಹೊಡೆದು, ಅಲ್ಲಿ ಅವನು ತನ್ನ ರ‍್ಯಾಪ್ ಹಾಡುಗಳನ್ನು ರೆಕಾರ್ಡ್ ಮಾಡುತ್ತಿದ್ದ.

"ಅಮ್ಮಾ, ಇದನ್ನ ನೀನೇ ಜೋಪಾನ ಮಾಡು. ಶಶಿಧರನ ಹಾಗೆ ಬೀಳಿಸಿ ಹಾಳು ಮಾಡೋಳಲ್ಲ ನೀನು."

ಭಾಗೀರಥಿಯ ಕೈ ಡಬ್ಬಿಯ ಮೇಲೇ ಉಳಿಯಿತು. ಹಳೆಯ ಮೈಕಿನ ದನಿ ಒಡೆದಾಗ ನಿರಂಜನ ಜೀವದ ಗೆಳೆಯ ಶಶಿಧರನನ್ನೇ ಬೈದು ಅಟ್ಟಿದ್ದ. ಕುದುರೆಮುಖದ ಗಣಿ ನಿಂತು, ಅಪ್ಪನ ಕೆಲಸ ಹೋಗಿ ಊರು ಬಿಟ್ಟ ಮೇಲೂ ಶಶಿಧರ, "ನಾನು ಬೀಳಿಸಿಲ್ಲ ಕಣೋ" ಎಂದು ಕಾಗದ ಬರೆದಿದ್ದ. ನಿರಂಜನ ಉತ್ತರ ಕೊಟ್ಟಿರಲಿಲ್ಲ. ಅಮ್ಮನೂ ಬಾಯಿ ಬಿಟ್ಟಿರಲಿಲ್ಲ.

"ಈ ಅಟ್ಟದ ಹಲಗೆ ಮುಟ್ಟಿ ನೋಡು," ಎಂದಳು.

ನಿರಂಜನ ಮುಟ್ಟಿ, ಚುರುಕ್ಕೆಂದು ಕೈ ಎಳೆದುಕೊಂಡ.

"ಬೂಷ್ಟು ಹಿಡಿದೀತು ಅಂತ ಹಳೇ ಮೈಕನ್ನ ಮಳೆಗಾಲ ಪೂರ್ತಿ ನಾನೇ ಇಲ್ಲಿಟ್ಟಿದ್ದೆ ಮಾರಾಯ. ಆಮೇಲೆ ಸದ್ದಿಲ್ಲದೆ ಅದರ ಪೆಟ್ಟಿಗೆಗೆ ಸೇರಿಸಿದೆ. ಈ ಬಿಸಿಗೇ ಅದರ ದನಿ ಒಡೆದದ್ದು."

"ಹಪ್ಪಳದ ಜೊತೆಗಾ?"

"ಹಪ್ಪಳಕ್ಕೇನೂ ಆಗ್ಲಿಲ್ಲ," ಎನ್ನುತ್ತಾ ಅವಳು ಡಬ್ಬಿ ಕೆಳಗಿಟ್ಟಳು. "ನೀನು ಅವನನ್ನ ಬೈಯುವಾಗ ನಾನು ಸಾರು ಕದಡ್ತಾ ನಿಂತಿದ್ದೆ. ಅದನ್ನೂ ಬರಿ ಅವನಿಗೆ."

ನಿರಂಜನ ಮೈಕನ್ನು ಬದಿಗಿಟ್ಟು ಪೆನ್ನು ಹುಡುಕಿದ.

ಮಧ್ಯಾಹ್ನ ಮಗನ ಕಾಗದ ಹಿಡಿದು ಸಂಸೆ ಊರಿನ ಅಂಚೆ ಡಬ್ಬಿಯವರೆಗೆ ಭಾಗೀರಥಿಯೇ ನಡೆದು ಹೋದಳು. ಲಕೋಟೆ ಒಳಗೆ ಬಿದ್ದ ಸದ್ದು ಕೇಳಿದ ಮೇಲೆಯೇ ಡಬ್ಬಿಯಿಂದ ಕೈ ತೆಗೆದಳು.