ಕೋಬೆಯಿಂದ ಬಂದ ಆಮೆ

ಹೈದರ್ ಜಪಾನಿನ ಕೋಬೆ ಬಂದರಿನಿಂದ ತಂದ ಚಿತ್ರದ ಸುರುಳಿ ಬಿಚ್ಚಿ ನೋಡಿದ್ದೇ ತಡ, ದೇರಣ್ಣ ಮಾಸ್ಟ್ರ ಮುಖ ಕೆಂಪಾಯಿತು. ಮರದಚ್ಚಿನಲ್ಲಿ ಒತ್ತಿದ ಒಂದು ಆಮೆ. ಅದರ ಹಿಂದೆ ಉದ್ದನೆಯ ಕೂದಲಿನಂಥ ಬಾಲ, ನೆಲಕ್ಕೆ ಎಳೆಯುವ ಪಂಚೆಯ ಚುಂಗಿನ ಹಾಗೆ.

ಬೆಳ್ಳಾರೆಯ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ದೇರಣ್ಣನವರಿಗೆ ಮಕ್ಕಳು ಇಟ್ಟ ಹೆಸರು ‘ಆಮೆ ಮಾಸ್ಟ್ರು’. ನಡಿಗೆ ನಿಧಾನ, ಪಂಚೆಯ ತುದಿ ಯಾವಾಗಲೂ ನೆಲ ಗುಡಿಸುತ್ತಿತ್ತು. ಆ ಹೆಸರು ಕಿವಿಗೇ ಬಿದ್ದಿಲ್ಲವೆಂಬಂತೆ ಅವರು ನಾಲ್ಕು ವರ್ಷ ನಟಿಸಿದ್ದರು.

“ಇದನ್ನು ತರಲಿಕ್ಕೆ ಹಡಗು ಹತ್ತಿ ಜಪಾನಿಗೆ ಹೋಗಬೇಕಿತ್ತಾ? ಕಲಿಸಿದವನಿಗೆ ಇದೇ ಮರ್ಯಾದೆಯಾ?”

“ಎಂತ ಆಯ್ತು ಮಾಸ್ಟ್ರೆ?” ಎಂದ ಹೈದರ್. ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಹಳೆ ಶಿಷ್ಯ. ಆರು ವರ್ಷದ ಮೇಲೆ, ಅರವತ್ತೆರಡರ ಬೇಸಿಗೆಯಲ್ಲಿ ಊರು ಕಂಡವನು.

“ಎಂತದೂ ಇಲ್ಲ. ನನ್ನ ಜಗಲಿ ಇಳಿ.”

ಹೈದರ್ ಚಿತ್ರವನ್ನು ಅಲ್ಲೇ ಬಿಟ್ಟು ಇಳಿದು ಹೋದ.

ವಾರ ಕಳೆದು, ಮಾಸ್ಟ್ರು ಒಲೆಗೆ ಹಾಕಲೆಂದು ಅದನ್ನು ಎತ್ತಿದಾಗ ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರ ಕಂಡಿತು: ‘ಇದು ಬಾಲ ಅಲ್ಲ, ಬೆನ್ನ ಮೇಲೆ ಬೆಳೆದ ಪಾಚಿ. ಇಷ್ಟು ಬೆಳೆಯಬೇಕಾದರೆ ಆಮೆಗೆ ಅಷ್ಟು ವಯಸ್ಸಾಗಬೇಕು. ಹತ್ತು ಸಾವಿರ ವರ್ಷದ ಆಯುಸ್ಸಿನ ಗುರುತಂತೆ. ನನ್ನ ಮಾಸ್ಟ್ರಿಗೆ.’

ಚಿತ್ರವನ್ನು ನೋಡಿದರೆ ಸಾಲದು, ಓದಬೇಕು ಎಂದು ಇಪ್ಪತ್ತು ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದವರು ಇವರೇ. ಓದಿದ್ದು ಏನನ್ನು? ತಮ್ಮದೇ ಪಂಚೆಯನ್ನು!

“ಹೈದರ್ ಇವತ್ತು ಒಂಬತ್ತರ ಬಸ್ಸಿಗೆ ಹೋಗುದಂತೆ,” ಎಂದರು ಹೆಂಡತಿ ಕಮಲಾವತಿ. ಮಾಸ್ಟ್ರು ಪಂಚೆ ಎತ್ತಿ ಕಟ್ಟಿ ಓಡಿದರು. ಅವರು ಓಡುವುದನ್ನು ಕಂಡ ಪೇಟೆಯವರು ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡರು.

ಪುತ್ತೂರಿನ ಬಸ್ಸು ಹೊರಡುವುದರಲ್ಲಿತ್ತು. ಮಾಸ್ಟ್ರು ಏದುಸಿರು ಬಿಡುತ್ತಾ ಕಿಟಕಿಯ ಸರಳು ಹಿಡಿದರು. “ತಪ್ಪಾಯ್ತು ಮಾರಾಯ.”

“ಅಲ್ಲ ಮಾಸ್ಟ್ರೆ, ಆವತ್ತು ನಿಮಗೆ ಸಿಟ್ಟು ಬಂದದ್ದು ಯಾಕೆ? ನನಗೆ ಈಗಲೂ ಗೊತ್ತಾಗಲಿಲ್ಲ.”

ಮಾಸ್ಟ್ರು ಬೆಪ್ಪಾದರು. ಆ ಹೆಸರು ಹುಟ್ಟಿದ್ದೇ ಇವನು ಊರು ಬಿಟ್ಟ ಮೇಲೆ! ಬಾಯಿ ಕಿಟಕಿಗೆ ತಂದು ಪಿಸುಗುಟ್ಟಿದರು. ಇಂಜಿನ್ ಗುಡುಗುತ್ತಿತ್ತು.

“ಕೇಳುದಿಲ್ಲ ಮಾಸ್ಟ್ರೆ, ಜೋರಾಗಿ ಹೇಳಿ!”

“ಮಕ್ಕಳು ನನ್ನನ್ನು ಕರೆಯುದೇ ಆಮೆ ಮಾಸ್ಟ್ರು ಅಂತ!”

ಅದೇ ಗಳಿಗೆಗೆ ಇಂಜಿನ್ ನಿಂತುಹೋಗಿತ್ತು. ಮಾತು ಕೊನೆಯ ಸೀಟಿನವರೆಗೂ ಕೇಳಿಸಿತು. ಹೈದರ್ ನಕ್ಕ, ಇಡೀ ಬಸ್ಸು ನಕ್ಕಿತು, ಕಡೆಗೆ ಮಾಸ್ಟ್ರೂ ನಕ್ಕರು. ನಾಲ್ಕು ವರ್ಷ ಶಾಲೆಯ ಪಾಗಾರದ ಗೋಡೆಯೊಳಗೇ ಇದ್ದ ಹೆಸರು ಅಂದು ಟಿಕೇಟಿಲ್ಲದೆ ಪುತ್ತೂರಿಗೆ ಹೋಯಿತು.